ಬಸ್ಸು ಕಾಯಿಸುವ ದೋನ್ ನಿಕಾನೋರ್

ಸೆಲಾಯಾ ಊರಿನ ಒಂದು ಬೀದಿಯವರು ವರ್ಷಕ್ಕೊಮ್ಮೆ ಬಸ್ಸು ಮಾಡಿಕೊಂಡು ಸ್ಪ್ಯಾನಿಷರ ಕಾಲದ ಊರುಗಳನ್ನು ಸುತ್ತಿ ಬರುವಾಗ, ಎಲ್ಲರನ್ನೂ ಕಾಯಿಸುವ ಹಕ್ಕು ದರ್ಜಿ ದೋನ್ ನಿಕಾನೋರರದು. ದೊಲೋರೆಸ್‌ನಲ್ಲಿ ಮುಕ್ಕಾಲು ಗಂಟೆ, ಸಾನ್ ಮಿಗೆಲ್‌ನಲ್ಲಿ ಒಂದು ಗಂಟೆ. ಗ್ವಾನಾಹ್ವಾತೊ ಮುಟ್ಟುವಷ್ಟರಲ್ಲಿ ಬುಟ್ಟಿಯಲ್ಲಿನ ಜೋಳದ ಕಡುಬು ತಮಾಲೆ ತಣ್ಣಗಾಗಿ, ಅದೇ ಬೀದಿಯ ಚಾಲಕ ಫೆರ್ಮಿನ್ ಬಿಸಿಯಾಗಿರುತ್ತಾನೆ. ಊರೂರಲ್ಲೂ ದೋನ್ ನಿಕಾನೋರ್ ತಾವು ಇದುವರೆಗೆ ಕಾಣದ ಇಗರ್ಜಿಯೊಂದನ್ನು ಹುಡುಕಿ, ‘ಒಂದ್ನಿಮಿಷ, ಬಂದೇಬಿಟ್ಟೆ’ ಎಂದು ಹ್ಯಾಟು ತೆಗೆದು ಒಳಹೊಕ್ಕರೆ ಮುಗಿಯಿತು. ಮೊದಲ ಸಲ ಕಾಲಿಟ್ಟ ಇಗರ್ಜಿಯಲ್ಲಿ ಮೂರು ವರ ಕೇಳಬಹುದೆಂಬುದು ಎಲ್ಲರ ನಂಬಿಕೆ. ಉಳಿದವರು ಮಂಡಿನೋವು, ಮಗಳ ಮದುವೆ, ಲಾಟರಿ ಎಂದು ಅರೆನಿಮಿಷದಲ್ಲಿ ಮುಗಿಸಿ ಐಸ್‌ಕ್ರೀಮಿಗೆ ಓಡುತ್ತಾರೆ. ‘ಮೂರಲ್ಲ, ಮುನ್ನೂರು ಕೇಳ್ತಿರ್ಬೇಕು ಈ ಮುದುಕ!’ ಎಂದು ಇಡೀ ಬಸ್ಸು ಬೈಯುತ್ತದೆ. ಈ ಸಲ ಪ್ರವಾಸ ಹೊರಡಿಸಿದ್ದ ದೋನ್ಯಾ ಬ್ರಿಹಿದಾ, ರಟ್ಟೆ ಹಿಡಿದು ಎಳೆತರಲೆಂದೇ ಒಳಗೆ ನುಗ್ಗಿದರು. ಅಲ್ಲಿ ದೋನ್ ನಿಕಾನೋರ್, ಹಿಂದೊಮ್ಮೆ ತಾವು ಕಾಲು ಮುರಿದು ಮಲಗಿದ್ದಾಗ ಸರದಿ ಹಾಕಿಕೊಂಡು ಕೋಳಿ ಸಾರು ತಂದಿದ್ದ ಬೀದಿಯ ಮೂವತ್ತೆಂಟು ಜನರನ್ನೂ ಹೆಸರು ಹಿಡಿದು, ಒಬ್ಬೊಬ್ಬರಿಗೂ ಒಂದೊಂದು ವರ ಬೇಡುತ್ತ ಮಂಡಿಯೂರಿದ್ದರು. ‘ಬ್ರಿಹಿದಾಗೆ ಒಳ್ಳೆ ನಿದ್ದೆ ಕೊಡಪ್ಪ. ನಿದ್ದೆಗೆಟ್ಟು ನನ್ನ ನೋಡ್ಕೊಂಡೋಳು, ಈಗ ಪಾಪ ಬರೀ ಕೂಗಾಡ್ತಾಳೆ.’ ಬ್ರಿಹಿದಾ ಒಬ್ಬರೇ ಬಸ್ಸಿಗೆ ಮರಳಿದರು. ಫೆರ್ಮಿನ್ ಹಾರ್ನ್ ಒತ್ತಿದ. ಬ್ರಿಹಿದಾ ಗದರಿದರು: ‘ತೆಗಿಯೋ ಕೈನ! ನಿನ್ನ ಹೆಸರು ಇನ್ನೂ ಬಂದಿಲ್ಲ.’