ಬದುಕಿರುವ ಅಹಮದ್ ಪಾಷಾರ ಹೆಸರಿಗೆ

೧೯೮೩ರ ನವೆಂಬರ್ ೧೪, ಸೋಮವಾರ, ಬೆಳಿಗ್ಗೆ ಹನ್ನೊಂದಕ್ಕೆ, ಅಹಮದ್ ಪಾಷಾ ತೀರಿಕೊಂಡರೆಂಬ ಪತ್ರ ಕುಣಿಗಲ್ಲಿನ ಅವರ ಮನೆಗೇ ಬಂತು. ಈಗಿನ ಮಲೇಷ್ಯಾ, ಆಗಿನ ಮಲಯಾದ ಕುದುರೆ ಲಾಯವೊಂದರಲ್ಲಿ ಇಪ್ಪತ್ತೆರಡು ವರ್ಷ ಮೇಲ್ವಿಚಾರಕರಾಗಿದ್ದ ಅವರಿಗೆ ಪಿಂಚಣಿ ಕೊಡುತ್ತಿದ್ದ ಲಂಡನ್ನಿನ ಕಂಪನಿ, ಹಳೆಯ ದಾಖಲೆಯಲ್ಲಿದ್ದ ಮನೆ ವಿಳಾಸ ಹುಡುಕಿ, ಹೆಂಡತಿ ಹಜರಾ ಬೀಗೆ ಸಂತಾಪ ಸೂಚಿಸಿತ್ತು; ಪಿಂಚಣಿ ನಿಲ್ಲಿಸಿ ಮರಣ ಪ್ರಮಾಣಪತ್ರ ಕೇಳಿತ್ತು.

ಪಾಷಾ ಮೂರು ಸಲ ಓದಿದರು. ಏನೊಂದೂ ಹೊಳೆಯಲಿಲ್ಲ. ಪ್ರತಿವರ್ಷದಂತೆ ಏಪ್ರಿಲ್‌ನಲ್ಲಿ ತುಮಕೂರಿಗೆ ಹೋಗಿ, ನೋಟರಿ ನರಸಿಂಹಯ್ಯನವರ ಎದುರು ಸಹಿ ಹಾಕಿ, ಜೀವಂತವಾಗಿರುವ ಪ್ರಮಾಣಪತ್ರಕ್ಕೆ ಮೊಹರು ಒತ್ತಿಸಿ ಕಳುಹಿಸಿದ್ದರಲ್ಲ?

ಮರುದಿನ ಮೊದಲ ಬಸ್ಸಿಗೇ ಹೊರಟರು. ನೋಟರಿಯವರ ಕುರ್ಚಿ ಖಾಲಿಯಿತ್ತು. ಟೈಪಿಸ್ಟ್ ಜುಂಜಪ್ಪ, ಗುಬ್ಬಿಯವನು, ಎದ್ದು ನಿಂತ.

"ನಮ್ಮೆಜಮಾನ್ರು ಶ್ರಾವಣದಲ್ಲೇ ಹೋಗ್ಬುಟ್ರು, ಸಾಹೇಬ್ರೆ."

"ಅವರು ಹೋದ್ರೆ ಲಂಡನ್ನಿನವ್ರು ನನ್ನನ್ಯಾಕೆ ಸಾಯಿಸಿದಾರೆ?"

ಪತ್ರ ನೋಡಿದ ಜುಂಜಪ್ಪ ತಲೆ ಕೆರೆದುಕೊಂಡ. ೧೯೭೬ರಲ್ಲಿ ಕಂಪನಿಯ ಕಾಗದವೊಂದು ಕುಣಿಗಲ್ಲಿನ ಮನೆಗೆ ತಲುಪದೇ ಹೋದಾಗಿನಿಂದ ಪಾಷಾ ತಮ್ಮ ವಿಳಾಸಕ್ಕೆ ನೋಟರಿಯವರ ಕೇರಾಫ್ ಹಾಕುತ್ತಿದ್ದರು.

"ಸೆಪ್ಟೆಂಬರಲ್ಲಿ ಲಂಡನ್ ಕವರ್ ಬಂತು. ಎಜಮಾನ್ರ ಹೆಸರು ಕಾಣ್ತು. ತೀರ್ಕೊಂಡವ್ರೆ ಅಂತ ಅದ್ರ ಮೇಲೆ ಇಂಗ್ಲಿಷಲ್ಲಿ ಬರ್ದು ವಾಪಸ್ ಕಳಿಸ್ದೆ."

"ಅದರ ಮೇಲ್ಗಡೆ ನನ್ನ ಹೆಸರಿತ್ತಲ್ಲಯ್ಯಾ!"

"ಇತ್ತೇನೋ. ನಂಗೆ ಎಜಮಾನ್ರ ಹೆಸರೇ ಕಣ್ಣಿಗೆ ಬೀಳೋದು."

ಪಕ್ಕದ ಬೀದಿಯ ಇನ್ನೊಬ್ಬ ನೋಟರಿಯ ಬಳಿ ಹೊಸ ಪ್ರಮಾಣಪತ್ರ ಕೇಳಿದರೆ, ಅವರು ಕಂಪನಿಯ ಪತ್ರ ನೋಡಿ ಕನ್ನಡಕ ತೆಗೆದರು.

"ಇದ್ರಲ್ಲಿ ನೀವು ಹೋಗಿದೀರಿ. ಮೊದ್ಲು ಇದನ್ನ ರದ್ದು ಮಾಡಿಸ್ಕೊಂಡ್ ಬನ್ನಿ."

"ರದ್ದು ಮಾಡೋಕೆ ಅವರು ನಿಮ್ಮ ಮೊಹರು ಕೇಳ್ತಾರೆ."

"ನಾನು ಅವರ ಕಾಗದ ಕೇಳ್ತೀನಿ."

ಯಾವುದು ಮೊದಲು, ಯಾವುದು ಆಮೇಲೆ ಎಂದು ತಿಳಿಯದೆ ಪಾಷಾ ಮೆಟ್ಟಿಲ ಮೇಲೆ ಬಹಳ ಹೊತ್ತು ಕುಳಿತರು. ಬಳಿಕ ಜುಂಜಪ್ಪನ ಬಳಿಗೇ ಮರಳಿದರು.

"ಸಾಯಿಸ್ದೋನು ನೀನು. ಬದುಕ್ಸು. ಟೈಪ್ ಮಾಡು."

ಅವರು ಹೇಳಿ ಬರೆಸಿದ್ದು ಇಷ್ಟು:

"ಮಾನ್ಯರೇ, ನಾನು ಬದುಕಿದ್ದೇನೆಂದು ನಂಬಲು ಪ್ರತಿವರ್ಷ ನೋಟರಿಯ ಮೊಹರು ಬೇಕೆನ್ನುವ ತಾವು, ಸತ್ತೆನೆಂದು ನಂಬಲು ಯಾರ ಮೊಹರು ನೋಡಿದಿರಿ? ಲಕೋಟೆಯ ಮೇಲಿನ ಒಂದು ಗೀಚು ಸಾಕಾಯಿತೇ? ನಿಲ್ಲಿಸಿದ ದಿನದಿಂದಲೇ ಪಿಂಚಣಿ ಮುಂದುವರಿಸಿ. ನನ್ನ ಹೆಂಡತಿಗೆ ಸೂಚಿಸಿದ ಸಂತಾಪವನ್ನು ಲಿಖಿತವಾಗಿ ಹಿಂದಕ್ಕೆ ಪಡೆಯಿರಿ. ಉತ್ತರವನ್ನು, ಯಾರ ಕೇರಾಫೂ ಇಲ್ಲದೆ, ಕುಣಿಗಲ್ಲಿಗೆ, ನನ್ನ ಹೆಸರಿಗೇ ಬರೆಯಿರಿ."