ಬೆರಣಿ ಹಿಡಿಯುವ ಗೋಡೆ

ನಮ್ಮ ಅಡುಗೆಮನೆಯ ಕಿಟಕಿ ತೆರೆದರೆ ಕಾಣುವುದು ಒಂದು ಸಂದಿ. ಗಾಡಿ ಹೋಗದಷ್ಟು ಕಿರಿದು, ಹಸು ಹೋಗುವಷ್ಟು ಅಗಲ. ಸಂದಿಯ ಆಚೆ ಅಕ್ಕನ ಮನೆಯ ತಗ್ಗಾದ ಕೊಟ್ಟಿಗೆ. ಒಡಹುಟ್ಟಿದ ಅಕ್ಕನಲ್ಲ, ನಾನು ಮದುವೆಯಾಗಿ ದೊಡ್ಡಬಳ್ಳಾಪುರಕ್ಕೆ ಬಂದ ಹೊಸದರಲ್ಲಿ ಹಾಗೆ ಕರೆದೆ, ಅದೇ ಉಳಿಯಿತು. ಎರಡು ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುವವಳು. ಕೊಟ್ಟಿಗೆಯ ಸೂರಿನ ಮೇಲಿಂದ ಹಾದು ಬರುವ ಮಧ್ಯಾಹ್ನದ ಬಿಸಿಲೆಲ್ಲ ಬೀಳುವುದು ನಮ್ಮ ಗೋಡೆಗೆ. ಹಾಗಾಗಿ ನಮ್ಮತ್ತೆಯ ಕಾಲದಿಂದಲೂ ಅವಳು ಬೆರಣಿ ತಟ್ಟುತ್ತಿದ್ದುದು ಅಲ್ಲಿಯೇ.

ಬೆಳಿಗ್ಗೆ ನಾನು ಒಗ್ಗರಣೆ ಹಾಕುವ ಹೊತ್ತಿಗೆ ಆಚೆಯಿಂದ ತಪ್ ಎಂಬ ಸದ್ದು. ಹಿಂದೆಯೇ ಮಾತು.

"ಏನ್ ಸಾರು ಇವತ್ತು?"

"ಹುರುಳಿಕಾಳು ಬಸ್ಸಾರು, ಅಕ್ಕ."

"ಬೆಳ್ಳುಳ್ಳಿ ಕಮ್ಮಿ ಹಾಕಿದ್ದೀಯ. ವಾಸನೆನೇ ಇಲ್ಲ."

ಇನ್ನೊಂದು ತಪ್. ಬೀದಿಯ ಮಗ್ಗಗಳ ಸದ್ದಿನ ನಡುವೆಯೂ ಆ ಸದ್ದು ನನಗೆ ಬೇರೆಯಾಗಿ ಕೇಳುತ್ತಿತ್ತು. ಊರಿನ ಸಮಾಚಾರವೆಲ್ಲ ನನಗೆ ಸಿಗುತ್ತಿದ್ದುದು ಒಂದು ಮಂಕರಿ ಸಗಣಿ ಮುಗಿಯುವಷ್ಟರಲ್ಲಿ.

ಗೋಡೆಗೂ ವಯಸ್ಸಾಗಿತ್ತು. ಹೊರಗಿನ ಗಾರೆ ಹಪ್ಪಳದಂತೆ ಉಬ್ಬಿ, ಬೆರಳಲ್ಲಿ ಕುಟ್ಟಿದರೆ ಡಬ್ ಡಬ್ ಎನ್ನುತ್ತಿತ್ತು. ಹೋದ ಮಳೆಗಾಲದಲ್ಲಿ ತೇವ ಒಳಗಿಳಿದು ಸಾರಿನ ಪುಡಿಯ ಡಬ್ಬಿಗಳ ಹಿಂದೆ ಬೂಷ್ಟು ಬಂತು. ಅಕ್ಕ ಒಣಗಿದ ಬೆರಣಿ ಕಿತ್ತರೆ ಅದರ ಬೆನ್ನಿಗೆ ಮರಳು ಅಂಟಿಕೊಂಡು ಬರುತ್ತಿತ್ತು. ಅದು ನಮ್ಮ ಯಜಮಾನರ ಕಣ್ಣಿಗೆ ಬಿತ್ತು.

"ನೋಡು, ಗೋಡೆ ತಿಂದು ಹಾಕಿರೋದೇ ಆ ಸಗಣಿ. ಹಳೇದೆಲ್ಲ ಕೆತ್ತಿಸಿ, ಹೊಸದಾಗಿ ಪ್ಲಾಸ್ಟ್ರಿಂಗ್ ಮಾಡ್ಸಿ, ಗಾಜಿನ ಹಂಗೆ ನುಣ್ಣಗೆ ಉಜ್ಜಿಸ್ತೀನಿ. ಇನ್ಮೇಲೆ ಬೆರಣಿ ಬೇಡ ಅಂತ ಹೇಳ್ಬಿಡು."

"ನೀವೇ ಹೇಳಿ."

"ಹೆಂಗಸರ ವಿಷಯ. ನೀನೇ ಹೇಳು."

ಬೆರಣಿ ಹೆಂಗಸರ ವಿಷಯ, ಗೋಡೆ ಗಂಡಸರ ವಿಷಯ ಎಂಬ ಪಾಲು ಯಾವಾಗ ಆಯಿತೋ ನನಗೆ ತಿಳಿಯದು. ಮರುದಿನ ಕಿಟಕಿಯಲ್ಲೇ ಹೇಳಿದೆ. ಅಕ್ಕ ಕೈಯಲ್ಲಿದ್ದ ಸಗಣಿಯ ಮುದ್ದೆಯನ್ನು ಗೋಡೆಗೆ ತಟ್ಟದೆ ಮಂಕರಿಗೇ ಹಾಕಿದಳು.

"ನನ್ನ ಬೆರಣಿ ತಿಂತಾ ಗೋಡೆನ? ಅದು ಹಿಡ್ಕೊಂಡಿದ್ದಕ್ಕೇ ಕಣಮ್ಮ ಇಷ್ಟು ದಿನ ನಿಂತಿರೋದು. ಇರ್ಲಿ ಬಿಡು. ನಿಮ್ ಗೋಡೆ, ನಿಮ್ಮಿಷ್ಟ."

'ನಿಮ್ಮಿಷ್ಟ' ಎನ್ನುವುದು ನಮ್ಮ ಕಡೆ ಬೈಗುಳಕ್ಕಿಂತ ಒಂದು ಕೈ ಮೇಲು.

ಆಮೇಲೆ ಅವಳು ತನ್ನ ಮನೆಯ ಬೀದಿಗೋಡೆಗೆ ತಟ್ಟತೊಡಗಿದಳು. ದಾರಿಯಲ್ಲಿ ಹೋಗುವ ಮೇಕೆಗಳು ಮೈ ಉಜ್ಜಿ ಅರ್ಧ ಬೀಳಿಸಿದವು. ಅವಳ ಮನೆಯ ಹಂಡೆ ಒಲೆಗೆ ಬೇರೆ ಉರುವಲಿಲ್ಲ. ನನ್ನ ಅಡುಗೆಮನೆಯಲ್ಲಿ ಕುಕ್ಕರ್ ಕೂಗುವುದೊಂದು ಬಿಟ್ಟರೆ ಮಾತಿಲ್ಲ. ಸಾರಿಗೆ ಬೆಳ್ಳುಳ್ಳಿ ಜಾಸ್ತಿಯೇ ಹಾಕಿ ನೋಡಿದೆ. ಯಾರೂ ಏನೂ ಅನ್ನಲಿಲ್ಲ.

ಮೇಸ್ತ್ರಿ ಇಲ್ಲೇ ಹತ್ತಿರದ ವಿಜಯಪುರದಿಂದ ಮೊದಲ ಬಸ್ಸಿಗೇ ಬಂದರು. ಸಾಮಾನಿನ ಚೀಲ ಇಳಿಸಿದವರೇ, "ಅಮ್ಮಾ, ಒಂದು ಹಿಡಿ ಸಗಣಿ, ನಾಲ್ಕೆಳೆ ಗರಿಕೆ ಕೊಡಿ. ಬೆನಕನ್ನ ಇಡದೆ ನಾನು ಸುತ್ತಿಗೆ ಮುಟ್ಟಲ್ಲ" ಎಂದರು.

ಸಗಣಿಯ ಉಂಡೆಗೆ ಗರಿಕೆ ಸಿಕ್ಕಿಸಿದರೆ ಅದೇ ಬೆನಕ, ನಮ್ಮ ಗಣಪ. ಗರಿಕೆ ಅಂಗಳದಲ್ಲಿತ್ತು. ಸಗಣಿಗೆ ಇಡೀ ಬೀದಿಯಲ್ಲಿ ಒಂದೇ ಮನೆ. ನಾನು ಯಜಮಾನರ ಮುಖ ನೋಡಿದೆ. ಅವರು ಫೋನ್ ನೋಡಿದರು.

ಹೋದೆ. ಅಕ್ಕ ತುಂಬು ಗಬ್ಬದ ಹಸುವಿಗೆ ಹುಲ್ಲು ಹಾಕುತ್ತಿದ್ದಳು.

"ಒಂದು ಹಿಡಿ ಸಗಣಿ ಕೊಡಕ್ಕ. ಬೆನಕನಿಗೆ."

"ಓಹೋ! ನನ್ನ ಬೆರಣಿ ಬಿಡಿಸೋ ಕೆಲಸಕ್ಕೆ ನನ್ನ ಸಗಣಿಲೇ ಪೂಜೆನಾ? ಅದೂ ಪ್ಯಾಕೆಟ್ಟಲ್ಲಿ ಬರುತ್ತಂತಲ್ಲ, ನಿಮ್ಮ ಯಜಮಾನ್ರಿಗೆ ಹೇಳು, ಫೋನಲ್ಲಿ ತರಿಸ್ಕೊಳ್ಳಲಿ."

ಹೀಗೆನ್ನುತ್ತಲೇ ಬಗ್ಗಿ, ಆಗಷ್ಟೇ ಬಿದ್ದಿದ್ದ ಬಿಸಿ ಸಗಣಿಯನ್ನು ಬಾಳೆಲೆಯ ತುಂಡಿನಲ್ಲಿ ಎತ್ತಿ ಕೊಟ್ಟಳು. "ಹಿಡಿ. ದೇವ್ರಿಗೆ ಇಲ್ಲ ಅನ್ನಬಾರದು."

ಮನೆಯ ನಾಲ್ಕೂ ಕಡೆ ಕೆಲಸ ಶುರುವಾಯಿತು. ಹಳೆಯ ಗಾರೆ ಚಪ್ಪಡಿ ಚಪ್ಪಡಿಯಾಗಿ ಕಳಚಿ ಬಿದ್ದು, ಒಳಗಿನ ಇಟ್ಟಿಗೆ ಎಷ್ಟೋ ವರ್ಷಗಳ ಮೇಲೆ ಬೆಳಕು ಕಂಡಿತು. ಅದಕ್ಕೆ ನೀರು ಕುಡಿಸಿ, ಮೊದಲ ಪದರವನ್ನು ಕರಣೆಯಿಂದ ರಪ್ಪನೆ ಎರಚಿ, ಮೇಲಿನ ಪದರ ಹಿಡಿಯಲೆಂದು ಗೀರು ಎಳೆದರು. ಮನೆಯೊಳಗೆಲ್ಲ ಧೂಳು. ನಾನು ಉಪ್ಪಿನಕಾಯಿ ಜಾಡಿಗೂ ಸೀರೆ ಸುತ್ತಿಟ್ಟೆ.

ಅದೇ ವಾರ ಹಸು ಕರು ಹಾಕಿತು. ಏಲಕ್ಕಿ, ಬೆಲ್ಲ ಹಾಕಿ ಗಿಣ್ಣು ಬೇಯಿಸುವ ಪರಿಮಳ ಸಂದಿ ದಾಟಿ ನಮ್ಮ ನಡುಮನೆಗೇ ಬಂತು. ಗಿಣ್ಣು ಯಾವಾಗಲೂ ಮೊದಲು ಬರುತ್ತಿದ್ದುದು ನಮ್ಮ ಮನೆಗೆ. ಈ ಸಲ ಅಕ್ಕನ ಸ್ಟೀಲ್ ಡಬ್ಬಿ ನಮ್ಮ ಗೇಟಿನ ಮುಂದೆಯೇ ಹಾದು ಎದುರುಮನೆಗೆ ಹೋಯಿತು, ದರ್ಜಿಯ ಮನೆಗೆ ಹೋಯಿತು, ಮೊನ್ನೆ ಮೊನ್ನೆ ಬಾಡಿಗೆಗೆ ಬಂದವರ ಮನೆಗೂ ಹೋಯಿತು. ಯಜಮಾನರು ಜಗಲಿಯ ಮೇಲೆ ಕೂತು ಎಲ್ಲವನ್ನೂ ನೋಡಿದರು. ಗಿಣ್ಣೆಂದರೆ ಅವರಿಗೆ ಪ್ರಾಣ.

"ಹಸು ಕರು ಹಾಕ್ತಂತೆ?"

"ಹೂಂ. ಹೆಣ್ಗರು."

"ಗಿಣ್ಣು...?"

"ಗೋಡೆ ನುಣ್ಣಗಾಗ್ತಿದ್ಯಲ್ಲ, ಅದನ್ನೇ ನೋಡ್ಕೊಂಡು ಊಟ ಮಾಡಿ."

ಎರಡು ದಿನ ಕಳೆಯಿತು. ಸಂದಿಯ ಕಡೆ ಎರಡನೇ ಪದರ ಬಳಿಯುವ ದಿನ ಅವರು ಮೇಸ್ತ್ರಿಯ ಪಕ್ಕದಲ್ಲಿ ಬಹಳ ಹೊತ್ತು ನಿಂತರು. ಕಿಟಕಿಯಿಂದ ನನಗೆ ಎಲ್ಲ ಕೇಳುತ್ತಿತ್ತು.

"ಮೇಸ್ತ್ರಿ, ಈ ಕಿಟಕಿ ಕೆಳಗಿನ ಭಾಗ ಒರಟಾಗೇ ಬಿಟ್ರೆ ಹೆಂಗೆ?"

"ಯಾಕ್ ಸಾರ್, ಗಾಜಿನ ಹಂಗೆ ಬೇಕು ಅಂದ್ರಲ್ಲ?"

"ಬೆರಣಿ ಹಿಡೀಬೇಕಲ್ಲಪ್ಪಾ."

ಮೇಸ್ತ್ರಿ ಕರಣೆ ಕೆಳಗಿಟ್ಟು ನಕ್ಕರು. "ಈಗಿರೋ ಹಂಗೇ ಬಿಟ್ರೆ ನೀರು ಕುಡಿಯುತ್ತೆ ಸಾರ್. ಎರಡನೇದೂ ಹೊಡೆದು, ಉಜ್ಜದೆ ಬಿಡ್ತೀನಿ."

ಒಳಗೆ ಬಂದ ಯಜಮಾನರು "ಅಕ್ಕಂಗೆ ಹೇಳ್ಬಿಡು" ಎಂದರು. "ಗೋಡೆ ವಿಷಯ, ನೀವೇ ಹೇಳಿ" ಎಂದೆ. ಅವರೇ ಕೊಟ್ಟಿಗೆಯ ಬಾಗಿಲಿಗೆ ಹೋಗಿ, ಕೆಮ್ಮಿ, "ಅಕ್ಕಾ, ಒಂದಿಷ್ಟು ಗೋಡೆ ನಿಮಗೇ ಬಿಡ್ಸಿದ್ದೀನಿ, ನೋಡ್ಬನ್ನಿ" ಎಂದರು.

ಅಕ್ಕ ಸೆರಗು ಸಿಕ್ಕಿಸಿಕೊಂಡು ಬಂದಳು. ಗೋಡೆಯನ್ನು ಮೇಲಿಂದ ಕೆಳಗೆ ನೋಡಿದಳು. ಮುಖದಲ್ಲಿ ನಗುವಿಲ್ಲ.

"ಇನ್ನೊಂದು ಗೇಣು ಮೇಲಕ್ಕೆ ತಗೊಳಪ್ಪಾ ಮೇಸ್ತ್ರಿ. ನನ್ನ ಕೈ ಅಲ್ಲೀವರೆಗೂ ಹೋಗುತ್ತೆ."

ಸಂಜೆಗೆ ಸ್ಟೀಲ್ ಡಬ್ಬಿ ನಮ್ಮ ಗೇಟು ದಾಟಿ ಒಳಗೆ ಬಂತು. ಯಜಮಾನರು ಮುಚ್ಚಳ ತೆಗೆದು ಓರೆ ಮಾಡಿದರು. ಅದು ಪಾಯಸದಂತೆ ಹರಿಯಿತು.

"ಇದೇನಕ್ಕ, ಗಟ್ಟಿನೇ ಆಗಿಲ್ಲ?"

"ಗಟ್ಟಿ ಆಗೋದು ಮೊದಲ್ನೇ ದಿನದ ಹಾಲಪ್ಪಾ. ನೀನು ಮನಸ್ಸು ಮಾಡೋ ಹೊತ್ಗೆ ಹಾಲು ತಿಳಿಯಾಯ್ತು."

ಅವರು ಲೋಟಕ್ಕೆ ಬಗ್ಗಿಸಿಕೊಂಡು ಕುಡಿದರು. ಲೋಟ ತೊಳೆಯುವ ಅಗತ್ಯವೇ ಬೀಳಲಿಲ್ಲ.

ಹೊಸ ಗೋಡೆಗೆ ಹೊತ್ತುಹೊತ್ತಿಗೆ ನೀರು ಹಾಕಬೇಕು. ಮೂರು ಕಡೆ ನಾನು ಹಾಕಿದೆ. ಸಂದಿಯ ಕಡೆಗೆ ಅಕ್ಕ ಹಸುವಿನ ಬಕೆಟ್ಟಿನಲ್ಲೇ ಎರಚಿದಳು. ನಾನು ಹೋದರೆ, "ನೀನು ಒಳಗಡೆ ನೋಡ್ಕೊ ಹೋಗಮ್ಮ, ಇದು ನನ್ನ ಕಡೆ" ಎಂದು ಅಟ್ಟಿದಳು. ಆಮೇಲೆ ಬಣ್ಣದವರು ಬಂದು ಒರಟು ಭಾಗವೊಂದನ್ನು ಬಿಟ್ಟು ಎಲ್ಲಕ್ಕೂ ತಿಳಿ ಹಳದಿ, ಕಿಟಕಿಯ ಸರಳುಗಳಿಗೆ ಬಿಳಿ ಬಳಿದು ಹೋದರು.

ಅದಾದ ಮೇಲೊಂದು ಬೆಳಿಗ್ಗೆ ನಾನು ಮಿಕ್ಸಿಯಲ್ಲಿ ಕಾಯಿ ರುಬ್ಬುತ್ತಿದ್ದೆ. ಕಿಟಕಿಯ ಸರಳನ್ನು ಯಾರೋ ಬಡಿದರು.

"ಕಿವಿ ಕೇಳ್ಸಲ್ವಾ ನಿಂಗೆ? ಆಗ್ಲಿಂದ ತಟ್ತಾನೇ ಇದ್ದೀನಿ. ಏನ್ ಸಾರು?"

ಬಿಳಿಯ ಸರಳಿನ ಮೇಲೆ ನಾಲ್ಕು ಬೆರಳಿನ ಸಗಣಿ ಗುರುತು. ಯಜಮಾನರು ಇನ್ನೂ ನೋಡಿಲ್ಲ.