ಅಕ್ಕೋರ ರಕ್ತದಾನಿಗಳ ಪಟ್ಟಿ

ಇವತ್ತು ಆಸ್ಪತ್ರೆಗೆ ಕೆಲಸಕ್ಕೆ ಬರುವಾಗ ಬಸ್ಸಿನಲ್ಲಿ ಯಾರದೋ ಗೋಣಿಚೀಲದಿಂದ ಹೊಸ ಕಡಲೆಯ ವಾಸನೆ ಬಂತು. ತಟ್ಟನೆ ನಮ್ಮ ಅಕ್ಕೋರು ನೆನಪಾದರು... ಯರಗಟ್ಟಿಯಲ್ಲಿ ಕಾಳಿನ ಅಂಗಡಿಯ ಮೇಲಿನ ಕೋಣೆಯಲ್ಲಿ ನಮಗೆ ಡೇಟಾಬೇಸ್ ಕಲಿಸಿದ ಟೀಚರು.

ಸುತ್ತಲಿನ ಹಳ್ಳಿಗಳ ರಕ್ತದಾನಿಗಳ ಪಟ್ಟಿಯನ್ನು ಕಂಪ್ಯೂಟರಿನಲ್ಲಿ ಅವರೇ ಕಟ್ಟಿದ್ದರು. ಹೆರಿಗೆಗೆ ರಕ್ತ ಬೇಕಾದರೆ ಆಸ್ಪತ್ರೆಯವರು ಅದನ್ನೇ ನೋಡುತ್ತಿದ್ದರು. ನಮಗೆ ಪಾಠವೂ ಅದರ ಮೇಲೆಯೇ. ಪರದೆಯ ಎಡಕ್ಕೆ ಫಂಕ್ಷನ್‌ಗಳು, ಪ್ರೊಸೀಜರ್‌ಗಳು ಎಂಬ ಸಿದ್ಧ ಆಜ್ಞೆಗಳು ಒಂದೇ ಸಾಲಿನಲ್ಲಿ ಕೂತಿರುತ್ತಿದ್ದವು. ನನ್ನ ಕಣ್ಣಿಗೆ ಎರಡೂ ಒಂದೇ. ನಾನೋ, ಎಲ್ಲ ಬಲ್ಲೆನೆಂಬ ಜಂಭದವಳು. ಎಷ್ಟು ಜನರ ಫೋನ್ ನಂಬರ್ ಇದೆಯೆಂದು ತಿಳಿಯಲು ಒಂದು ದಿನ ‘ನಂಬರ್ ಪರೀಕ್ಷೆ’ ಎಂಬುದನ್ನು ಓಡಿಸಿಬಿಟ್ಟೆ. ಅದು ಲೆಕ್ಕ ಹೇಳುವ ಫಂಕ್ಷನ್ ಅಲ್ಲ, ಹಳೆಯ ನಂಬರ್‌ಗಳನ್ನು ಅಳಿಸುವ ಪ್ರೊಸೀಜರ್. ಕಟಕೋಳ, ಸಿರಸಂಗಿ ಹಳ್ಳಿಗಳವರ ನಂಬರ್‌ಗಳೆಲ್ಲ ಮಾಯ! ಅಕ್ಕೋರನ್ನು ಕರೆದು ಪರದೆ ತೋರಿಸಿದೆ.

ಅಕ್ಕೋರು ಬೈಯಲಿಲ್ಲ. ಕಿಟಕಿಯಿಂದ ಕೆಳಗಿನ ಅಂಗಡಿ ತೋರಿಸಿದರು. ಕೊಳ್ಳಲು ಬಂದವನೊಬ್ಬ ಚೀಲದ ತಳದವರೆಗೆ ಕೈ ಇಳಿಸಿ, ಹಿಡಿ ಕಡಲೆ ತೆಗೆದು ಅಂಗೈ ಮೇಲೆ ಹರಡಿ ನೋಡುತ್ತಿದ್ದ.

“ನೋಡವಾ, ಅಂವ ಚೀಲದ ಮ್ಯಾಲ ಬರದದ್ದ ನಂಬೂದಿಲ್ಲ. ಫಂಕ್ಷನ್ ಉತ್ತರ ಹೇಳತೈತಿ, ಪ್ರೊಸೀಜರ್ ಕೆಲಸಾನ ಮಾಡಿ ಮುಗಸತೈತಿ. ಒಳಗ ಏನ ಐತಿ, ತಗದ ಓದಿ ಆಮ್ಯಾಲ ಓಡಸು. ಇನ್ನೊಂದ ಪ್ರತಿ ಇಡಲಿಲ್ಲ, ಅದು ನನ್ನ ತಪ್ಪ. ಐತವಾರ ಕಟಕೋಳಕ್ಕ ಹೋಗೂಣು, ನಡಿ.”

ನಾಲ್ಕು ಭಾನುವಾರ ಇಬ್ಬರೂ ಮನೆಮನೆ ಸುತ್ತಿದೆವು. “ಬರ್ರಿ ಅಕ್ಕೋರ, ಚಾ ಕುಡದ ಹೋಗ್ರಿ” ಎನ್ನದ ಮನೆಯಿಲ್ಲ. ನನ್ನಿಂದ ಹೀಗಾಯಿತೆಂದು ಅವರು ಎಲ್ಲೂ ಬಾಯಿ ಬಿಡಲಿಲ್ಲ. ಪಟ್ಟಿ ಮೊದಲಿಗಿಂತ ದೊಡ್ಡದಾಯಿತು. ಕೊನೆಯ ಸಾಲಿನಲ್ಲಿ ತಮ್ಮ ಹೆಸರನ್ನೂ ನನ್ನ ಕೈಯಿಂದಲೇ ಬರೆಸಿದರು...

ಈಗ ಆ ಪಟ್ಟಿ ನೋಡಿಕೊಳ್ಳುವವಳು ನಾನೇ. ಇಷ್ಟು ವರ್ಷಗಳಲ್ಲಿ ಒಂದು ನಂಬರೂ ಕಳೆದಿಲ್ಲ. ಅವರ ಶಿಷ್ಯೆ ಎಂದು ಎದೆ ತಟ್ಟಿ ಹೇಳುತ್ತೇನೆ, ಅದರಲ್ಲಿ ಸಂಕೋಚವೇನೂ ಇಲ್ಲ.

ಅಕ್ಕೋರು ಹೋದ ತಿಂಗಳು ತೀರಿಕೊಂಡರು. ತೀರಿಕೊಂಡವರನ್ನು ಪಟ್ಟಿಯಿಂದ ತೆಗೆಯುವ ಕೆಲಸ ಇವತ್ತಿತ್ತು. ಮೊದಲು ಫಂಕ್ಷನ್ ಓಡಿಸಿ ಪಟ್ಟಿಯಲ್ಲಿ ಎಷ್ಟು ಜನ ಎಂದು ಕೇಳಿದೆ. ಆಮೇಲೆ ಪ್ರೊಸೀಜರ್ ತೆರೆದು ಒಂದೊಂದೇ ಸಾಲು ಓದಿದೆ, ಎರಡು ಸಲ. ಯಾರನ್ನು ಅಳಿಸುತ್ತದೆಂದು ಚೆನ್ನಾಗಿ ತಿಳಿದೇ ಓಡಿಸಿದೆ. ಮತ್ತೆ ಫಂಕ್ಷನ್ ಓಡಿಸಿ ಕೇಳಿದೆ.

ಒಬ್ಬರು ಕಡಿಮೆ ಇದ್ದರು.